ಅನ್ನ ಉದುರಾಗಿರಬೇಕು, ಎಣ್ಣೆ ಮಾತ್ರ ಬೇಡ

ಮದುವೆ ಮನೆಯಲ್ಲಿ ಅಡುಗೆ ಭಟ್ಟರು ಪುಳಿಯೋಗರೆ ಕಲಸೋದನ್ನ ನೋಡಿದ್ದೀರಾ? ಬಿಸಿ ಅನ್ನವನ್ನ ಹಾಗೇ ಗೊಜ್ಜಿಗೆ ಸುರಿಯಲ್ಲ. ಮೊದಲು ಅಗಲವಾದ ಹರಿವಾಣಕ್ಕೆ ಹಾಕಿ, ತೆಳ್ಳಗೆ ಹರಡಿ, ಆರೋಕೆ ಬಿಡ್ತಾರೆ. ಒಂದು ಅಗುಳಿಗೆ ಇನ್ನೊಂದು ಅಗುಳು ಅಂಟಬಾರದು. ಕೆಲವರು ಮೇಲೆ ನಾಲ್ಕು ಚಮಚ ಎಣ್ಣೆಯನ್ನೂ ಬಿಡ್ತಾರೆ, ಅದೂ ಅಂಟದಿರಲಿ ಅಂತಲೇ. ಆದರೆ ಎಣ್ಣೆ ಕೈ ಮೀರಿದರೆ ಇನ್ನೊಂದು ಫಜೀತಿ. ಅನ್ನ ಉದುರುದುರಾಗಿ ನೋಡೋಕೆ ಚಂದ ಇರುತ್ತೆ, ಗೊಜ್ಜು ಮಾತ್ರ ಹಿಡಿಯಲ್ಲ.

ಈ ಸಲದ ಅಂಕಣ ಅಡುಗೆಯ ಬಗ್ಗೆ ಅಲ್ಲ. ಪ್ಲಾಟಿನಂ, ಚಿನ್ನದಂಥ ಲೋಹಗಳನ್ನ ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಮಾಡಿ, ಒಂದಕ್ಕೊಂದು ಅಂಟಿಕೊಳ್ಳದಂತೆ ಕೂರಿಸೋದರ ಬಗ್ಗೆ. ಆದರೆ ಅಲ್ಲೂ ಪ್ರಶ್ನೆ ಇದೇ: ಎಣ್ಣೆ ಹಾಕೋದಾ, ಹರಿವಾಣ ದೊಡ್ಡದು ಮಾಡೋದಾ?

ಕೋಡ್ ಬರೆಯೋನಿಗೆ ಕೆಮಿಸ್ಟ್ರಿ ಯಾಕೆ ಬೇಕು ಅಂತೀರಾ? ಬೇಕಾಗಿರಲಿಲ್ಲ. ನಮ್ಮ ಇಂಜಿನಿಯರಿಂಗ್ ಬ್ಯಾಚ್‌ನ ಗೆಳತಿಯೊಬ್ಬಳು ಇದರಲ್ಲೇ ಪಿಎಚ್‌ಡಿ ಮಾಡ್ತಿದ್ದಾಳೆ. ಅವಳ ಫೋನ್ ಬಂದಾಗಲೆಲ್ಲ ಅರ್ಧ ಗಂಟೆ ಲ್ಯಾಬ್ ಪುರಾಣ. ಕೇಳ್ತಾ ಕೇಳ್ತಾ ನನಗೆ ಇದು ನಮ್ಮ ಕೆಲಸದ ಕತೆಯ ಹಾಗೇ ಇದೆಯಲ್ಲ ಅನ್ನಿಸೋಕೆ ಶುರುವಾಯ್ತು. ಆಮೇಲೆ ನಾನೇ ಕೂತು ಓದಿದೆ.

21 ಗ್ರಾಂ ಲೋಹ, 59 ಗುಂಟೆ ಜಾಗ

ನಿಮ್ಮ ಪೆಟ್ರೋಲ್ ಗಾಡಿ 2020ರ ಏಪ್ರಿಲ್ ನಂತರದ್ದಾ? ಹಾಗಾದರೆ ಅದು ಬಿಎಸ್-6. ಅದರ ಹೊಗೆ ಹೋಗೋ ದಾರಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಅನ್ನೋ ಭಾಗ ಇರುತ್ತೆ. ಒಳಗೆ ಜೇನುಗೂಡಿನಂಥ ಚೌಕಟ್ಟು, ಅದರ ಗೋಡೆಗೆ ಅಲ್ಯುಮಿನಾದಂಥ ಪುಡಿಯ ಲೇಪ, ಆ ಲೇಪದ ಮೇಲೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂನಂಥ ದುಬಾರಿ ಲೋಹಗಳ ಕಣಗಳು. ಎಂಜಿನ್‌ನಿಂದ ಬರೋ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಈ ಕಣಗಳ ಮೇಲೆ ಬಂದು ಕೂರುತ್ತೆ, ಪಕ್ಕದಲ್ಲಿ ಕೂತ ಆಮ್ಲಜನಕದ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗಿ ಎದ್ದು ಹೋಗುತ್ತೆ. ಲೋಹ ಅಲ್ಲೇ ಇರುತ್ತೆ, ಮುಂದಿನ ಗಿರಾಕಿಗೆ ಕಾಯ್ತಾ. ಇದೇ ಕ್ಯಾಟಲಿಸ್ಟ್. ಸ್ಕೂಲ್ ಪುಸ್ತಕದಲ್ಲಿ ಓದಿದ ವೇಗವರ್ಧಕ.

ಇಲ್ಲಿ ಗಮನಿಸಬೇಕಾದ್ದು 'ಮೇಲೆ ಬಂದು ಕೂರುತ್ತೆ' ಅನ್ನೋ ಮಾತು. ಕೆಲಸ ನಡೆಯೋದು ಲೋಹದ ಮೇಲ್ಮೈಯಲ್ಲಿ ಮಾತ್ರ. ಒಳಗಡೆ ಹೂತುಹೋದ ಪರಮಾಣುಗಳು ಸಂಬಳ ತಗೊಂಡು ಸುಮ್ಮನೆ ಕೂತವರ ಹಾಗೆ.

ಒಂದು ಲೆಕ್ಕ ನೋಡಿ. ಉದ್ದ, ಅಗಲ, ಎತ್ತರ ಎಲ್ಲಾ 1 ಸೆಂಟಿಮೀಟರ್ ಇರೋ ಪ್ಲಾಟಿನಂ ತುಂಡು. ತೂಕ ಸುಮಾರು 21 ಗ್ರಾಂ. ಆರು ಮುಖ ಸೇರಿ ಮೇಲ್ಮೈ 6 ಚದರ ಸೆಂಟಿಮೀಟರ್, ಒಂದು ಪೋಸ್ಟ್ ಸ್ಟಾಂಪಿನಷ್ಟು. ಅದೇ ತುಂಡನ್ನ 1 ನ್ಯಾನೊಮೀಟರ್ ಅಳತೆಯ ಚೂರುಗಳಾಗಿ ಕತ್ತರಿಸಿದೆವು ಅಂದುಕೊಳ್ಳಿ (1 ಮಿಲಿಮೀಟರ್‌ನಲ್ಲಿ 10 ಲಕ್ಷ ನ್ಯಾನೊಮೀಟರ್). ಈಗ ಎಲ್ಲಾ ಚೂರುಗಳ ಮೇಲ್ಮೈ ಕೂಡಿಸಿದರೆ 6,000 ಚದರ ಮೀಟರ್. ನಮ್ಮೂರ ಲೆಕ್ಕದಲ್ಲಿ ಸುಮಾರು 59 ಗುಂಟೆ. ಒಂದೂವರೆ ಎಕರೆಗೆ ಒಂದೇ ಗುಂಟೆ ಕಮ್ಮಿ!

ಪರಮಾಣುಗಳ ಲೆಕ್ಕದಲ್ಲೂ ಹಾಗೇ. 10 ನ್ಯಾನೊಮೀಟರ್ ಕಣದಲ್ಲಿ ಸುಮಾರು ಹತ್ತರಲ್ಲಿ ಒಂದು ಪರಮಾಣು ಮಾತ್ರ ಹೊರಗಡೆ ಇರುತ್ತೆ. 2 ನ್ಯಾನೊಮೀಟರ್ ಕಣದಲ್ಲಿ ಇರೋದೇ ಮುನ್ನೂರಕ್ಕಿಂತ ಕಮ್ಮಿ ಪರಮಾಣುಗಳು, ಅದರಲ್ಲಿ ಅರ್ಧದಷ್ಟು ಹೊರಗೆ. ಅದೇ ದುಡ್ಡಿನ ಲೋಹಕ್ಕೆ ಐದು ಪಟ್ಟು ಕೆಲಸಗಾರರು. ಭೂಮಿಯಲ್ಲಿ ತೀರಾ ಅಪರೂಪದ ಲೋಹ ಇದು. ಹಾಗಾಗಿ ಸಣ್ಣದು ಮಾಡೋದು ಶೋಕಿಗಲ್ಲ.

ಅಂಟದಿರಲಿ ಅಂತ ಹಾಕೋ ಎಣ್ಣೆ

ಸಣ್ಣದು ಮಾಡೋದು ಅಷ್ಟೇನೂ ಕಷ್ಟ ಅಲ್ಲ. ಸಣ್ಣದಾಗೇ ಉಳಿಸಿಕೊಳ್ಳೋದು ಕಷ್ಟ. ಹೊರಗಡೆ ಇರೋ ಪರಮಾಣುವಿಗೆ ಒಂದು ಕಡೆ ಅಕ್ಕಪಕ್ಕದವರೇ ಇಲ್ಲ. ಆ ಕೊರತೆ ತುಂಬಿಕೊಳ್ಳೋಕೆ ಅದು ಸಿಕ್ಕಿದ್ದನ್ನ ಹಿಡಿದುಕೊಳ್ಳುತ್ತೆ. ಸಾರಿನ ಮೇಲೆ ತೇಲೋ ಎಣ್ಣೆಹನಿಗಳು ಹತ್ತಿರ ಬಂದರೆ ಹೇಗೆ ಸೇರಿ ಒಂದಾಗ್ತವೋ, ಹಾಗೆ ಈ ಕಣಗಳೂ ಸೇರಿಬಿಡ್ತವೆ. 59 ಗುಂಟೆ ನೋಡನೋಡ್ತಾ ಒಂದು ಸೈಟ್ ಆಗಿಹೋಗುತ್ತೆ.

ಇದಕ್ಕೆ ಕೆಮಿಸ್ಟ್‌ಗಳು ಕಂಡುಕೊಂಡ ಸಲೀಸು ಉಪಾಯ ಸರ್ಫ್ಯಾಕ್ಟೆಂಟ್ ಮತ್ತು ಅದೇ ಕೆಲಸ ಮಾಡೋ ಪಾಲಿಮರ್‌ಗಳು. ಸರ್ಫ್ಯಾಕ್ಟೆಂಟ್ ಅಂದರೆ ಸೋಪಿನ ಜಾತಿಯ ಅಣು, ಒಂದು ತಲೆ, ಒಂದು ಉದ್ದ ಬಾಲ. ತಲೆ ಲೋಹವನ್ನ ಕಚ್ಚಿಕೊಳ್ಳುತ್ತೆ, ಬಾಲ ಹೊರಗೆ ಚಾಚಿಕೊಂಡು ಪಕ್ಕದ ಕಣವನ್ನ ದೂರ ತಳ್ಳುತ್ತೆ. ಸಿಟಿಎಬಿ ಅನ್ನೋದು ಇಂಥದ್ದೊಂದು, ಕೂದಲಿಗೆ ಹಾಕೋ ಕಂಡೀಷನರ್‌ನಲ್ಲಿ ಇದರ ಹತ್ತಿರದ ನೆಂಟ ಇರುತ್ತೆ. ಪಾಲಿಮರ್‌ಗಳಲ್ಲಿ ಪಿವಿಪಿ ಹೆಸರುವಾಸಿ. ಗಾಯಕ್ಕೆ ಹಚ್ಚೋ ಪೊವಿಡೋನ್ ಅಯೋಡಿನ್ ಗೊತ್ತಲ್ಲ, ಅದರ ಪೊವಿಡೋನ್ ಅಂದರೆ ಇದೇ.

ಇವನ್ನ ಹಾಕಿ ಮಾಡಿದ ಕಣಗಳನ್ನ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಒಂದೇ ಅಳತೆ, ಒಂದೇ ಆಕಾರ, ಮಿಲಿಟರಿ ಪರೇಡ್ ನಿಂತ ಹಾಗೆ. ನನ್ನ ಗೆಳತಿಯೂ ಅಂಥದ್ದೊಂದು ಫೋಟೊ ಕಳಿಸಿದ್ದಳು. "ಚೆನ್ನಾಗಿದೆಯಲ್ಲೇ, ಡೆಸ್ಕ್‌ಟಾಪ್ ವಾಲ್‌ಪೇಪರ್ ಮಾಡ್ಕೋಬಹುದು" ಅಂದೆ.

"ಅದಕ್ಕೇ ಲಾಯಕ್ಕು ಕಣೋ" ಅಂದಳು. "ಮೂರು ತಿಂಗಳು ಕೂತು ಮಾಡಿದ್ದು. ಕಾರ್ಬನ್ ಮಾನಾಕ್ಸೈಡ್ ಬಿಟ್ಟರೆ ಹಾಗೇ ಒಳಗೆ ಹೋಗಿ ಹಾಗೇ ಹೊರಗೆ ಬರುತ್ತೆ. ಲೋಹ ಇದೆ, ಆದರೆ ಮೈತುಂಬ ರೇನ್‌ಕೋಟ್ ಹಾಕ್ಕೊಂಡಿದೆ."

ರೇನ್‌ಕೋಟ್ ಬಿಚ್ಚೋ ಕಷ್ಟ

ಕೋಟ್ ಬಿಚ್ಚಿದರಾಯ್ತಲ್ಲ ಅಂತ ನಾನೂ ಕೇಳಿದ್ದೆ. ತೊಳೆದರೆ ಒಂದಿಷ್ಟು ಹೋಗುತ್ತೆ, ಪೂರ್ತಿ ಹೋಗಲ್ಲ. ಎಷ್ಟು ಸಲ ತೊಳೆದರೂ ಜಿಡ್ಡು ಬಿಡದ ಸ್ಟೀಲ್ ಡಬ್ಬಿ ನೆನಪಿಸಿಕೊಳ್ಳಿ. ಗಾಳಿಯಲ್ಲಿ 300 ಡಿಗ್ರಿಗೆ ಕಾಯಿಸಿ ಸುಟ್ಟುಬಿಡಬಹುದು. ಆದರೆ ಆ ಶಾಖಕ್ಕೆ ಕೋಟ್ ಕಳಚಿದ ಕಣಗಳು ಓಡಾಡೋಕೆ ಶುರುಮಾಡಿ ಒಂದಕ್ಕೊಂದು ಸೇರಿಕೊಳ್ಳುವ ಅಪಾಯ ಇದೆ. ಯಾವುದನ್ನ ತಡೆಯೋಕೆ ಕೋಟ್ ಹಾಕಿದ್ದೋ ಅದೇ ಆಗುತ್ತೆ. ಮೇಲಾಗಿ ಸುಟ್ಟ ಕೋಟಿನ ಮಸಿ ಲೋಹದ ಮೇಲೆ ಉಳಿಯಬಹುದು. ಗಂಧಕ ಇರೋ ಅಣುಗಳನ್ನ ಬಳಸಿದ್ದರೆ ಇನ್ನೂ ಕೆಟ್ಟದು, ಗಂಧಕವೇ ಪ್ಲಾಟಿನಂಗೆ ವಿಷ.

ಇನ್ನೊಂದು ಕತೆ ಓದಿದಾಗ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಸಿಟಿಎಬಿ ಹಾಕಿ ಚಿನ್ನದ ಸಣ್ಣ ಕಡ್ಡಿಗಳನ್ನ ಬೆಳೆಸೋ ಒಂದು ಪ್ರಸಿದ್ಧ ವಿಧಾನ ಇದೆ. ಕೆಲವರಿಗೆ ಕಡ್ಡಿ ಬರ್ತಿತ್ತು, ಇನ್ನು ಕೆಲವರಿಗೆ ಅದೇ ವಿಧಾನದಲ್ಲಿ ಬರೀ ಗುಂಡುಗಳು. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಬ್ರಯಾನ್ ಕೋರ್ಗೆಲ್ ತಂಡ 2008-09ರಲ್ಲಿ ಬೇರೆ ಬೇರೆ ಕಂಪನಿಗಳ ಸಿಟಿಎಬಿ ತರಿಸಿ, ಒಂದೇ ಕ್ರಮದಲ್ಲಿ ಮಾಡಿ ನೋಡಿತು. ತಪ್ಪು ಮಾಡೋರ ಕೈಯಲ್ಲಿ ಇರಲಿಲ್ಲ, ಬಾಟಲಿಯಲ್ಲಿತ್ತು. ಕೆಲವು ಕಂಪನಿಗಳ ಸಿಟಿಎಬಿಯಲ್ಲಿ ಅಯೋಡೈಡ್ ಅಂಶ ಒಂದಿಷ್ಟು ಕಲಬೆರಕೆಯಾಗಿ ಸೇರಿತ್ತು. ಲೇಬಲ್ ಮೇಲೆ ಎಲ್ಲವೂ ಶುದ್ಧ. ಅಷ್ಟು ಚೂರು ಅಯೋಡೈಡ್ ಸಾಕಾಗಿತ್ತು ಕಡ್ಡಿ ಬೆಳೆಯದಂತೆ ಮಾಡೋಕೆ.

ಐಟಿಯಲ್ಲಿ ಇರೋರಿಗೆ ಇದು ಹೊಸದಲ್ಲ. "ನನ್ನ ಮಷೀನ್‌ನಲ್ಲಿ ಓಡುತ್ತೆ" ಅನ್ನೋ ಮಾತಿನ ಹಿಂದೆ ಯಾವುದೋ ಲೈಬ್ರರಿಯ ಯಾವುದೋ ವರ್ಷನ್ ಅಡಗಿಕೊಂಡಿರುತ್ತೆ. ಹೊರಗಿನದ್ದನ್ನ ಒಂದು ಸೇರಿಸಿದರೆ, ಅದರ ಜೊತೆ ಬರೋದನ್ನೆಲ್ಲ ನಾವೇ ಸಾಕಬೇಕು.

ಎಣ್ಣೆ ಇಲ್ಲದೆ ಮಾಡಿದವರು

ಹಾಗಾದರೆ ಸರ್ಫ್ಯಾಕ್ಟೆಂಟೇ ಇಲ್ಲದೆ ಮಾಡೋಕಾಗುತ್ತಾ? ಆಗುತ್ತೆ, ದಶಕಗಳಿಂದ ಮಾಡ್ತಿದ್ದಾರೆ. ಎಲ್ಲರ ಉಪಾಯದಲ್ಲೂ ಹರಿವಾಣಕ್ಕೆ ದೊಡ್ಡ ಪಾತ್ರ. ಹರಿವಾಣ ಅಂದರೆ ಇಲ್ಲಿ ಅಲ್ಯುಮಿನಾ, ಸಿಲಿಕಾ, ಟೈಟಾನಿಯಾ, ಇಂಗಾಲದಂಥ ರಂಧ್ರ ತುಂಬಿದ ಪುಡಿ. ಕ್ಯಾಟಲಿಸ್ಟ್‌ಗೆ ಬಳಸೋ ಅಲ್ಯುಮಿನಾ ಒಂದು ಗ್ರಾಂನಲ್ಲಿ ನೂರು ಚದರ ಮೀಟರ್‌ಗೂ ಹೆಚ್ಚು ಜಾಗ ಕೊಡುತ್ತೆ. ಕಣಗಳನ್ನ ದೂರ ದೂರ ಕೂರಿಸೋಕೆ ಧಾರಾಳ ಸಾಕು.

ತೀರಾ ಹಳೆಯ ವಿಧಾನ ನೆನೆಸೋದು. ಲೋಹದ ಲವಣ ಕರಗಿಸಿದ ನೀರನ್ನ ಪುಡಿಯ ರಂಧ್ರಗಳು ತುಂಬುವಷ್ಟೇ ಹಾಕಿ, ಒಣಗಿಸಿ, ಹೈಡ್ರೋಜನ್ ಹರಿಸಿ ಕಾಯಿಸಿದರೆ ಲವಣ ಲೋಹ ಆಗುತ್ತೆ. ಅಗ್ಗ, ಸುಲಭ. ತೊಂದರೆ ಒಂದೇ. ಬೆವರಿದ ಅಂಗಿ ಒಣಗುವಾಗ ಉಪ್ಪೆಲ್ಲ ಒಂದು ಗೆರೆಯಲ್ಲಿ ಬಂದು ನಿಲ್ಲುತ್ತಲ್ಲ, ಹಾಗೆ ಒಣಗುವ ನೀರಿನ ಜೊತೆ ಲವಣವೂ ಸರಿದು ಕೆಲವೆಡೆ ಗುಡ್ಡೆಯಾಗುತ್ತೆ. ಕಣಗಳು ಒಂದು ದೊಡ್ಡದು, ಒಂದು ಚಿಕ್ಕದು.

ಜಪಾನಿನ ಮಸಟಾಕೆ ಹರುಟಾ ಅವರದ್ದು ಈ ಕ್ಷೇತ್ರದ ದೊಡ್ಡ ತಿರುವು. ಚಿನ್ನ ಯಾವುದಕ್ಕೂ ಬಗ್ಗದ ಲೋಹ ಅನ್ನೋದು ಎಲ್ಲರ ನಂಬಿಕೆ. ಅಜ್ಜಿಯ ಬಳೆ ಐವತ್ತು ವರ್ಷವಾದರೂ ಹೊಳೆಯೋದು ಅದಕ್ಕೇ. 1987ರಲ್ಲಿ ಹರುಟಾ ತಂಡ ಕಬ್ಬಿಣ, ಕೋಬಾಲ್ಟ್, ನಿಕ್ಕಲ್ ಆಕ್ಸೈಡ್‌ಗಳ ಜೊತೆ ಚಿನ್ನವನ್ನ ಅತಿ ಸಣ್ಣ ಕಣವಾಗಿ ಕೂರಿಸಿ, ಸೊನ್ನೆಗಿಂತ ಎಷ್ಟೋ ಕೆಳಗೆ, ಮೈನಸ್ 70 ಡಿಗ್ರಿ ಚಳಿಯಲ್ಲೂ ಕಾರ್ಬನ್ ಮಾನಾಕ್ಸೈಡ್ ಸುಡಬಹುದು ಅಂತ ತೋರಿಸಿತು. ಆಮೇಲೆ ಅವರು ಟೈಟಾನಿಯಾ ಮೇಲೆ ಚಿನ್ನ ಕೂರಿಸಿದ ವಿಧಾನ ನೋಡಿದರೆ ಅಡುಗೆಮನೆ ನೆನಪಾಗುತ್ತೆ. ಚಿನ್ನದ ಲವಣದ ನೀರಿಗೆ ಕಾಸ್ಟಿಕ್ ಸೋಡಾ ಹಾಕಿ ಹದ ಮಾಡೋದು, ಅದರಲ್ಲಿ ಟೈಟಾನಿಯಾ ಪುಡಿ ಕದಡೋದು, ಚಿನ್ನ ಹೈಡ್ರಾಕ್ಸೈಡ್ ರೂಪದಲ್ಲಿ ಪುಡಿಯ ಮೇಲೇ ಕೂರೋ ತನಕ ಕಾಯೋದು, ಚೆನ್ನಾಗಿ ತೊಳೆದು ಒಣಗಿಸಿ ಕಾಯಿಸೋದು. ಸರ್ಫ್ಯಾಕ್ಟೆಂಟ್ ಸುದ್ದಿಯೇ ಇಲ್ಲ. ತೊಳೆಯೋದು ಮಾತ್ರ ನಾಮಕಾವಸ್ತೆ ಆಗೋ ಹಾಗಿಲ್ಲ. ಲವಣದ ಕ್ಲೋರೈಡ್ ಉಳಿದರೆ ಕಾಯಿಸುವಾಗ ಚಿನ್ನ ಗುಡ್ಡೆಯಾಗುತ್ತೆ. ಇಂಥ ಚಿನ್ನದ ಕ್ಯಾಟಲಿಸ್ಟ್ ಮೊದಲು ಮಾರಾಟವಾಗಿದ್ದು ಎಲ್ಲಿ ಗೊತ್ತಾ? 1990ರ ದಶಕದಲ್ಲಿ ಜಪಾನಿನ ಟಾಯ್ಲೆಟ್‌ಗಳಲ್ಲಿ ವಾಸನೆ ತೆಗೆಯೋಕೆ!

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೂರನೆಯದು, ವಿದ್ಯುತ್ ಆಕರ್ಷಣೆಯ ದಾರಿ. ಫ್ರಾನ್ಸಿನ ಬ್ರುನೆಲ್ 1970ರ ದಶಕದಲ್ಲಿ ಬಿಡಿಸಿಟ್ಟ ಈ ಯೋಚನೆಯನ್ನ ಅಮೆರಿಕದ ಜಾನ್ ರೆಗಲ್‌ಬುಟೊ ಒಂದು ಶಿಸ್ತಾಗಿ ಬೆಳೆಸಿದರು. ನೀರಿನಲ್ಲಿ ಹಾಕಿದ ಆಕ್ಸೈಡ್ ಪುಡಿಯ ಮೈಗೆ ವಿದ್ಯುದಂಶ ಬರುತ್ತೆ. ಪ್ಲಸ್ಸೋ ಮೈನಸ್ಸೋ ಅನ್ನೋದು ನೀರಿನ ಪಿಎಚ್ ಮೇಲೆ ನಿಂತಿದೆ. ಪ್ರತಿ ಪುಡಿಗೂ ಅದು ಬದಲಾಗೋ ಒಂದು ಗೆರೆ ಇದೆ. ಸಿಲಿಕಾಗೆ ಪಿಎಚ್ 4ರ ಆಸುಪಾಸು, ಅಲ್ಯುಮಿನಾಗೆ 8ರ ಆಸುಪಾಸು. ಗೆರೆಗಿಂತ ಕೆಳಗೆ ಹೋದರೆ ಮೈ ಪ್ಲಸ್, ಮೇಲೆ ಹೋದರೆ ಮೈನಸ್.

ಇನ್ನು ಮಾಡಬೇಕಾದ್ದು ಜೋಡಿ ಹೊಂದಿಸೋದು. ಸಿಲಿಕಾ ಬೇಕಾ? ನೀರನ್ನ ಕ್ಷಾರ ಮಾಡಿ, ಮೈ ಮೈನಸ್ ಆಗಲಿ. ಅಮೋನಿಯಾ ಜೊತೆ ಸೇರಿ ಪ್ಲಸ್ ಆಗಿರೋ ಪ್ಲಾಟಿನಂ ಅಯಾನು ಬಿಡಿ. ಅಲ್ಯುಮಿನಾ ಬೇಕಾ? ನೀರನ್ನ ಆಮ್ಲ ಮಾಡಿ, ಕ್ಲೋರಿನ್ ಜೊತೆ ಸೇರಿ ಮೈನಸ್ ಆಗಿರೋ ಪ್ಲಾಟಿನಂ ಬಿಡಿ. ಅಯಾನುಗಳು ತಾವೇ ಹೋಗಿ ಮೈಮೇಲೆ ಒಂದೇ ಪದರವಾಗಿ ಕೂರುತ್ತವೆ. ಒಂದೇ ವಿದ್ಯುದಂಶದವು ಪರಸ್ಪರ ತಳ್ಳಾಡೋದರಿಂದ ಗುಂಪು ಕಟ್ಟಲ್ಲ. ಸೋಸಿ, ಒಣಗಿಸಿ, ಹೈಡ್ರೋಜನ್‌ನಲ್ಲಿ ಕಾಯಿಸಿದರೆ 1ರಿಂದ 2 ನ್ಯಾನೊಮೀಟರ್ ಕಣಗಳು. ಕೋಟಿಲ್ಲ, ಬಿಚ್ಚೋ ರಗಳೆಯೂ ಇಲ್ಲ.

ಮೊದಲೇ ಕಣ ಮಾಡಿಟ್ಟುಕೊಂಡು ಆಮೇಲೆ ಬೇಕಾದ ಪುಡಿಯ ಮೇಲೆ ಕೂರಿಸಬೇಕು ಅನ್ನೋರಿಗೂ ದಾರಿ ಇದೆ. ಚೀನಾದ ಪೀಕಿಂಗ್ ವಿಶ್ವವಿದ್ಯಾಲಯದ ಯುವಾನ್ ವಾಂಗ್ ತಂಡ 2000ದಲ್ಲಿ ಪ್ರಕಟಿಸಿದ ವಿಧಾನದಲ್ಲಿ ಪ್ಲಾಟಿನಂ ಲವಣ, ಕಾಸ್ಟಿಕ್ ಸೋಡಾ ಮತ್ತು ಎಥಿಲೀನ್ ಗ್ಲೈಕಾಲ್, ಇಷ್ಟೇ ಸಾಮಾನು. ಕಾರಿನ ರೇಡಿಯೇಟರ್ ಕೂಲಂಟ್‌ನಲ್ಲಿರುತ್ತಲ್ಲ, ಅದೇ ಗ್ಲೈಕಾಲ್. 160 ಡಿಗ್ರಿಗೆ ಕಾಯಿಸಿದರೆ ಗ್ಲೈಕಾಲೇ ಲವಣವನ್ನ ಲೋಹ ಮಾಡುತ್ತೆ. ಕಣಗಳ ಮೈಗೆ ಕ್ಷಾರದ ಪುಟ್ಟ ಅಯಾನುಗಳು, ಗ್ಲೈಕಾಲ್ ಮುರಿದು ಹುಟ್ಟಿದ ಪುಟ್ಟ ಅಣುಗಳು ಅಂಟಿಕೊಂಡು ಅಷ್ಟರ ಮಟ್ಟಿಗೆ ಕಾಯುತ್ತವೆ. ಪೂರ್ತಿ ಬರಿಮೈ ಅಲ್ಲ, ತೆಳ್ಳನೆಯ ಪಂಚೆ ಸುತ್ತಿಕೊಂಡ ಹಾಗೆ. ಆದರೆ ಉದ್ದ ಬಾಲದ ಕೋಟಿಗಿಂತ ಇದನ್ನ ತೆಗೆಯೋದು ಎಷ್ಟೋ ಸುಲಭ. ಮುಂದೆ ಯುರೋಪಿನ ಪ್ರಯೋಗಾಲಯಗಳು ಇನ್ನೊಂದನ್ನೂ ತೋರಿಸಿದವು. ಕ್ಷಾರದ ಪ್ರಮಾಣ ಹೆಚ್ಚು ಕಮ್ಮಿ ಮಾಡಿದರೆ ಕಣದ ಅಳತೆಯೂ ಬದಲಾಗುತ್ತೆ.

ಬೆಂಗಳೂರಿನಲ್ಲಿ ಹೊತ್ತಿದ ಬೆಂಕಿ

ಇದೆಲ್ಲ ಎಲ್ಲೋ ದೂರದ್ದು ಅಂದುಕೊಳ್ಳಬೇಡಿ. ಯಶವಂತಪುರದ ಕಡೆ ಓಡಾಡುವಾಗ ನಮ್ಮ ಪಕ್ಕದಲ್ಲೇ ಹಾದುಹೋಗೋ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಕೆ.ಸಿ. ಪಾಟೀಲ್ ಅವರ ಪ್ರಯೋಗಾಲಯವಿತ್ತು. ಅಲ್ಯುಮಿನಿಯಂ ನೈಟ್ರೇಟ್ ಮತ್ತು ಯೂರಿಯಾ ಬೆರೆಸಿದ ದ್ರಾವಣವನ್ನ 500 ಡಿಗ್ರಿಯ ಕುಲುಮೆಗಿಟ್ಟರೆ ಅದು ಕುದ್ದು, ನೊರೆಯಾಗಿ ಉಬ್ಬಿ, ಭಗ್ಗನೆ ಹೊತ್ತಿಕೊಂಡು ಕೆಲವೇ ನಿಮಿಷದಲ್ಲಿ ಹಗುರ ಬಿಳಿ ಪುಡಿಯಾಗುತ್ತೆ. ಆ ಪುಡಿಯೇ ಅಲ್ಯುಮಿನಾ. ಯೂರಿಯಾ ಅಂದರೆ ಹೊಲಕ್ಕೆ ಹಾಕೋ ಅದೇ ಯೂರಿಯಾ, ಇಲ್ಲಿ ಇಂಧನ. ಕಿಂಗ್ಸ್ಲೆ ಮತ್ತು ಪಾಟೀಲ್ 1988ರಲ್ಲಿ ಪ್ರಕಟಿಸಿದ ಈ ದಹನ ವಿಧಾನವನ್ನ ಇವತ್ತು ಪ್ರಪಂಚದ ಎಷ್ಟೋ ಲ್ಯಾಬ್‌ಗಳು ಬಳಸ್ತವೆ.

ಅದೇ ಸಂಸ್ಥೆಯ ಎಂ.ಎಸ್. ಹೆಗಡೆ, ಗಿರಿಧರ್ ಮದ್ರಾಸ್ ಮತ್ತು ಪಾಟೀಲ್ ಇದನ್ನ ಕ್ಯಾಟಲಿಸ್ಟ್‌ಗೆ ತಂದರು. ಸೀರಿಯಂ ಲವಣ, ಇಂಧನ, ಜೊತೆಗೆ ಚೂರೇ ಚೂರು ಪ್ಲಾಟಿನಂ ಲವಣ. ಎಲ್ಲವೂ ಒಟ್ಟಿಗೇ ಹೊತ್ತಿಕೊಂಡಾಗ ಪ್ಲಾಟಿನಂ ಸೀರಿಯಂ ಆಕ್ಸೈಡ್‌ನ ಮೇಲೆ ಕಣವಾಗಿ ಕೂರೋ ಬದಲು, ಬಹುಪಾಲು ಅದರ ಜಾಲದೊಳಗೇ ಒಂದೊಂದು ಅಯಾನಾಗಿ ಸೇರಿಹೋಗುತ್ತೆ. ಹರಿವಾಣದ ಮೇಲೆ ಅಗುಳು ಹರಡೋದು ಬಿಟ್ಟು, ಅಗುಳನ್ನ ಹರಿವಾಣದಲ್ಲೇ ಕೆತ್ತಿದ ಹಾಗೆ. ಗುಡ್ಡೆಯಾಗೋ ಮಾತೇ ಕಮ್ಮಿ. ಕಾರ್ಬನ್ ಮಾನಾಕ್ಸೈಡ್ ಸುಡೋ ಕೆಲಸದಲ್ಲಿ ಇಂಥ ಕ್ಯಾಟಲಿಸ್ಟ್‌ಗಳು ಲೋಹದ ಕಣಗಳಿಗಿಂತ ಚುರುಕಾಗಿವೆ ಅಂತ ಅವರು ತೋರಿಸಿದರು. 2009ರಲ್ಲಿ ಈ ಮೂವರು ಬರೆದ ಅವಲೋಕನ ಲೇಖನ ಈ ವಿಷಯದಲ್ಲಿ ಓದಲೇಬೇಕಾದದ್ದು.

ಹಾಗಂತ ಎಣ್ಣೆ ಖಳನಾಯಕ ಅಲ್ಲ

ಒಂದು ಮಾತು ಹೇಳದೇ ಹೋದರೆ ಅನ್ಯಾಯ ಆಗುತ್ತೆ. ಘನ, ಕಡ್ಡಿ, ತ್ರಿಕೋನ ಅಂತ ನಿರ್ದಿಷ್ಟ ಆಕಾರ ಬೇಕಾದರೆ ಸರ್ಫ್ಯಾಕ್ಟೆಂಟ್ ಇವತ್ತಿಗೂ ಗಟ್ಟಿ ದಾರಿ. ಕೆಲವು ಕ್ರಿಯೆಗಳಲ್ಲಿ ಮೈಮೇಲಿನ ಅಣುಗಳೇ ಬೇಡದ ಪದಾರ್ಥ ಹುಟ್ಟದಂತೆ ತಡೆದು ಉಪಕಾರವನ್ನೂ ಮಾಡ್ತವೆ. ಕೋಟಿಲ್ಲದ ಕಣಗಳಿಗೂ ಅವುಗಳದ್ದೇ ಸಂಕಟ ಇದೆ. ದ್ರಾವಣದಲ್ಲಿ ಬಹಳ ದಿನ ಇಟ್ಟರೆ ತಳ ಸೇರಬಹುದು. ಪುಡಿಯ ಮೇಲೆ ಕೂತಮೇಲೂ ಬಿಸಿಗೆ ಸಿಕ್ಕಿ ನಿಧಾನಕ್ಕೆ ದೊಡ್ಡದಾಗಬಹುದು. ಹಳೇ ಗಾಡಿಯ ಕನ್ವರ್ಟರ್ ಮೊದಲಿನ ಹಾಗೆ ಕೆಲಸ ಮಾಡದಿರೋಕೆ ಇದೂ ಒಂದು ಕಾರಣ.

ಆದರೆ ನನ್ನ ತಲೆಯಲ್ಲಿ ಉಳಿದಿದ್ದು ಬೇರೆ. ಒಂದು ತೊಂದರೆ ಬಂದಾಗ ಅದನ್ನ ತಡೆಯೋಕೆ ಇನ್ನೊಂದನ್ನ ಸೇರಿಸೋದು ನಮ್ಮ ಮೊದಲ ಬುದ್ಧಿ. ಆಫೀಸಿನಲ್ಲೂ ಅದೇ. ಕೆಲಸ ತಡ ಆಗ್ತಿದೆಯಾ, ಒಂದು ಮೀಟಿಂಗ್ ಸೇರಿಸು. ಬಗ್ ಬಂತಾ, ಮೇಲೊಂದು ಪದರ ಸುತ್ತು. ಆರು ತಿಂಗಳ ನಂತರ ಆ ಪದರ ಯಾಕಿದೆ ಅಂತ ಯಾರಿಗೂ ಗೊತ್ತಿರಲ್ಲ, ತೆಗೆಯೋಕೆ ಎಲ್ಲರಿಗೂ ಭಯ. ಬ್ರುನೆಲ್, ರೆಗಲ್‌ಬುಟೊ ಹೊಸದೇನನ್ನೂ ಸೇರಿಸಲಿಲ್ಲ. ಪುಡಿಯ ಮೈ ಯಾವಾಗ ಪ್ಲಸ್, ಯಾವಾಗ ಮೈನಸ್ ಅಂತ ಕೂತು ಅಳೆದರು. ಇದ್ದದ್ದನ್ನ ಸರಿಯಾಗಿ ತಿಳಿದುಕೊಂಡಿದ್ದಕ್ಕೇ ಕೆಲಸ ಆಯ್ತು.

ಗೆಳತಿ ಈಗ ಆ ದಾರಿಯಲ್ಲೇ ಇದ್ದಾಳೆ. ಮೊನ್ನೆ ಹೊಸ ಫೋಟೊ ಕಳಿಸಿದಳು. ಬೂದು ಹಿನ್ನೆಲೆಯಲ್ಲಿ ಇದ್ದೂ ಇಲ್ಲದ ಹಾಗೆ ಚುಕ್ಕಿಗಳು, ಮಂಜು ಹಿಡಿದ ಕನ್ನಡಿ ಥರ. "ಇದನ್ನ ವಾಲ್‌ಪೇಪರ್ ಮಾಡೋಕಾಗಲ್ಲ" ಅಂದೆ.

"ಬೇಡ ಬಿಡು, ಇದು ಕೆಲಸ ಮಾಡ್ತಿದೆ" ಅಂದಳು. ಇನ್ನು ನೂರು ಗಂಟೆ ಬಿಡದೆ ಓಡಿಸಿ ನೋಡಬೇಕಂತೆ. ಇವತ್ತು ರಾತ್ರಿ ಲ್ಯಾಬ್‌ನಲ್ಲೇ ಕಾವಲು.